ಪೂರ್ತಿ ಟೊಳ್ಳೋ, ಅರೆಟೊಳ್ಳೋ: ಕ್ಲಾಸಿಕ್ ರಾಕ್ ನಾದಕ್ಕಾಗಿ ಹಾಲೋ ಬಾಡಿ ಗಿಟಾರ್ ಆರಿಸುವುದು ಮತ್ತು ಬದಲಾಯಿಸಿಕೊಳ್ಳುವುದು

ಹಾಲೋ ಬಾಡಿ, ಅಂದರೆ ಟೊಳ್ಳು ಒಡಲಿನ, ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಗಿಟಾರಿನ ತಲೆಯಾದ ಹೆಡ್‌ಸ್ಟಾಕ್ ಮೇಲಿನ ಹೆಸರಿನಿಂದ ಯೋಚನೆ ಶುರುಮಾಡುತ್ತಾರೆ. ಗಿಬ್ಸನ್ ಬೇಕೋ, ಗ್ರೆಚ್ ಬೇಕೋ, ಎಪಿಫೋನ್ ಸಾಕೋ ಎಂಬುದು ಅವರ ಮೊದಲ ಪ್ರಶ್ನೆ. ಹಲವು ಗಿಟಾರ್‌ಗಳನ್ನು ಕೊಂಡು, ಮಾರಿ, ಬದಲಾಯಿಸಿಕೊಂಡ ಮೇಲೆ ನನಗೆ ಅನಿಸಿರುವುದೇನೆಂದರೆ, ನುಡಿಸುವವರು ಈ ಪ್ರಶ್ನೆಯನ್ನು ಕೊನೆಗೆ ಕೇಳಬೇಕು. ಒಡಲಿನೊಳಗೆ ಎಷ್ಟು ಗಾಳಿ ಇದೆ ಎಂಬುದು ಮೊದಲು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಯಾವ ಬಗೆಯದು ಎಂಬುದು ಆಮೇಲೆ, ತಂತಿಗಳನ್ನು ಒಡಲಿನ ಮೇಲೆ ಹೊರುವ ಬ್ರಿಡ್ಜ್ ಮತ್ತು ಅವುಗಳ ಬುಡ ಹಿಡಿಯುವ ಟೇಲ್‌ಪೀಸ್ ಹೇಗಿವೆ ಎಂಬುದು ಅದಾದ ಮೇಲೆ, ಹೆಸರು ಎಲ್ಲಕ್ಕಿಂತ ಕೊನೆಗೆ. ಆದರೆ ಅದೇ ಗಿಟಾರನ್ನು ಮಾರುವ ಅಥವಾ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ದಿನ ಈ ಕ್ರಮ ಪೂರ್ತಿ ತಿರುಗುಮುರುಗಾಗುತ್ತದೆ. ಆಗ ಹೆಸರು, ತಯಾರಾದ ವರ್ಷ ಮತ್ತು ಮೂಲ ಭಾಗಗಳು ಉಳಿದಿವೆಯೇ ಎಂಬುದು ಮುಂದೆ ಬಂದು, ನಾದ ಹಿಂದೆ ಸರಿಯುತ್ತದೆ. ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದವರು ಕೊಳ್ಳುವಾಗಲೂ ನೊಂದುಕೊಳ್ಳುತ್ತಾರೆ, ಕೊಡುವಾಗಲೂ ನೊಂದುಕೊಳ್ಳುತ್ತಾರೆ.

ಒಡಲಿನೊಳಗಿನ ಗಾಳಿ

ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ಎಂಬ ಗಿಟಾರನ್ನು ಹೊರತಂದಾಗ ಅದು ಪಿಕಪ್ ಜೋಡಿಸಿದ ಆರ್ಚ್‌ಟಾಪ್ (ಮೇಲ್ಹಲಗೆ ಬಾಗಿ ಉಬ್ಬಿದ) ಗಿಟಾರ್ ಅಷ್ಟೇ ಆಗಿತ್ತು. ಜಾಝ್ ಮೇಳದಲ್ಲಿ ತುತ್ತೂರಿಗಳ ನಡುವೆ ಗಿಟಾರ್ ಕೇಳಿಸಲಿ ಎಂಬುದೇ ಅದರ ಉದ್ದೇಶ. 1949ರಲ್ಲಿ ಬಂದ ಇಎಸ್-175ರಲ್ಲಿ ಮೇಲ್ಹಲಗೆಯನ್ನು ಕೆತ್ತುವ ಬದಲು ಮೇಪಲ್ ಮರದ ಪದರಗಳನ್ನು ಅಂಟಿಸಿ, ಒತ್ತಿ ಬಾಗಿಸಿದರು. ಪದರ ಹಲಗೆ ಎಂದರೆ ಅಗ್ಗದ ಮಾಲು ಎಂದು ಭಾವಿಸುವವರಿದ್ದಾರೆ. ಎಲೆಕ್ಟ್ರಿಕ್ ಗಿಟಾರ್ ಮಟ್ಟಿಗೆ ಅದು ತಪ್ಪು ಕಲ್ಪನೆ. ಕೆತ್ತಿದ ತೆಳು ಹಲಗೆ ಬಹುಬೇಗ ಕಂಪಿಸುವುದರಿಂದ ಆಂಪ್ಲಿಫೈಯರ್ ಎದುರು ಬೇಗ ಕಿರುಚುತ್ತದೆ, ಪದರ ಹಲಗೆ ಅದಕ್ಕಿಂತ ಬಿಗಿಯಾಗಿ ನಿಲ್ಲುತ್ತದೆ. ರಾಕ್ ಸಂಗೀತಕ್ಕೆ ಒದಗಿದ ಹೆಚ್ಚಿನ ಟೊಳ್ಳು ಗಿಟಾರ್‌ಗಳೆಲ್ಲ ಪದರ ಹಲಗೆಯವೇ.

ನಂತರ ಒಡಲು ತೆಳುವಾಯಿತು. ಇಎಸ್-175ರ ಒಡಲು ಸುಮಾರು 3⅜ ಅಂಗುಲ ದಪ್ಪವಿದ್ದರೆ, 1955ರಲ್ಲಿ ಬಂದ ಬರ್ಡ್‌ಲ್ಯಾಂಡ್ ಮತ್ತು ಇಎಸ್-350ಟಿ ಮಾದರಿಗಳು ಅದಕ್ಕಿಂತ ಒಂದು ಅಂಗುಲದಷ್ಟು ತೆಳ್ಳಗಿದ್ದವು. ಚಕ್ ಬೆರ್ರಿಯ ಆರಂಭದ ವರ್ಷಗಳ ಕೈಗಿಟಾರ್ ಈ ಇಎಸ್-350ಟಿ. 1958ರಲ್ಲಿ ಗಿಬ್ಸನ್ ಇಎಸ್-335 ಬಂದಾಗ ದಪ್ಪ ಒಂದೂಮುಕ್ಕಾಲು ಅಂಗುಲದ ಆಸುಪಾಸಿಗೆ ಇಳಿದಿತ್ತು, ಒಡಲಿನ ನಡುವೆ ನೆಕ್‌ನಿಂದ (ಗಿಟಾರಿನ ಕತ್ತು) ಬುಡದವರೆಗೆ ಮೇಪಲ್ ಮರದ ಗಟ್ಟಿ ತುಂಡೊಂದು ಸೇರಿಕೊಂಡಿತ್ತು. ಎರಡು ರೆಕ್ಕೆಗಳು ಮಾತ್ರ ಟೊಳ್ಳು, ನಡು ಗಟ್ಟಿ. ಇದನ್ನೇ ಸೆಮಿ ಹಾಲೋ ಎನ್ನುತ್ತಾರೆ. ಮರುವರ್ಷ ಬಂದ ಇಎಸ್-330 ಹೊರನೋಟಕ್ಕೆ ಅದರ ಅವಳಿಯಂತಿದ್ದರೂ ನಡುವಿನ ಆ ತುಂಡು ಅದರಲ್ಲಿರಲಿಲ್ಲ. ಅಂಗಡಿಯ ಗೋಡೆಯ ಮೇಲೆ ಒಂದೇ ಬಗೆಯಾಗಿ ಕಾಣುವ ಎರಡು ಗಿಟಾರ್‌ಗಳು ಆಂಪ್ಲಿಫೈಯರ್ ಮುಂದೆ ಪೂರ್ತಿ ಬೇರೆಯಾಗಿ ನಡೆದುಕೊಳ್ಳುವುದಕ್ಕೆ ಇಷ್ಟೇ ಕಾರಣ.

ಆಂಪ್ಲಿಫೈಯರ್ ಸದ್ದು ಗಿಟಾರಿನ ಮೇಲ್ಹಲಗೆಯನ್ನೂ ಒಳಗಿನ ಗಾಳಿಯನ್ನೂ ಅಲುಗಿಸುತ್ತದೆ. ಹಲಗೆ ಬ್ರಿಡ್ಜನ್ನು ಅಲುಗಿಸುತ್ತದೆ, ಬ್ರಿಡ್ಜ್ ತಂತಿಯನ್ನು ಅಲುಗಿಸುತ್ತದೆ, ತಂತಿಯ ಕಂಪನ ಪಿಕಪ್ ಮೂಲಕ ಮತ್ತೆ ಆಂಪ್ಲಿಫೈಯರ್ ಸೇರುತ್ತದೆ. ಈ ಸುತ್ತು ಬಲಗೊಂಡಾಗ ಹುಟ್ಟುವುದೇ ಫೀಡ್‌ಬ್ಯಾಕ್. ಟೊಳ್ಳು ಒಡಲಿನಲ್ಲಿ ಇದು ಸಾಮಾನ್ಯವಾಗಿ ಕೆಳಗಿನ ಸ್ವರಗಳಲ್ಲಿ ಹೂಂಕಾರದಂತೆ ಏಳುತ್ತದೆ. ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆಯೂ ಇದೆ. ಪಿಕಪ್ ಒಳಗಿನ ಸಡಿಲ ಸುರುಳಿ ತಾನೇ ಕಂಪಿಸಿ ತೀಕ್ಷ್ಣವಾಗಿ ಕೀರಲುಗುಟ್ಟುವುದುಂಟು. ಆ ಪಿಕಪ್ಪನ್ನು ಮೇಣದಲ್ಲಿ ಅದ್ದಿಸಿದರೆ ಕೀರಲು ನಿಲ್ಲುತ್ತದೆ, ಹೂಂಕಾರ ಮಾತ್ರ ನಿಲ್ಲುವುದಿಲ್ಲ. ಗಿಟಾರ್ ಪರೀಕ್ಷಿಸುವಾಗ ಈ ಎರಡರ ವ್ಯತ್ಯಾಸ ಕಿವಿಗೆ ಗೊತ್ತಿರಬೇಕು. ಮೊದಲನೆಯದು ಆ ಗಿಟಾರಿನ ಸ್ವಭಾವ, ಎರಡನೆಯದು ಸರಿಪಡಿಸಬಹುದಾದ ದೋಷ.

ಪೂರ್ತಿ ಟೊಳ್ಳು, ಪಿ-90 ಪಿಕಪ್: ಕ್ಯಾಸಿನೋ ಮತ್ತು ಇಎಸ್-330

ಈ ವಿಷಯದಲ್ಲಿ ನನ್ನ ಒಲವು ಎಲ್ಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಅದು ಕ್ಯಾಸಿನೋ ಕಡೆಗಿದೆ. 1957ರಲ್ಲಿ ಎಪಿಫೋನ್ ಕಂಪನಿ ಗಿಬ್ಸನ್ನಿನ ಮಾತೃಸಂಸ್ಥೆಯ ಕೈಸೇರಿದ ಮೇಲೆ, 1961ರಲ್ಲಿ ಹೊರಬಂದ ಎಪಿಫೋನ್ ಕ್ಯಾಸಿನೋ ಇಎಸ್-330ರ ಒಡಹುಟ್ಟು. ಮಿಷಿಗನ್ ರಾಜ್ಯದ ಕಲಾಮಜೂವಿನ ಒಂದೇ ಕಾರ್ಖಾನೆಯಲ್ಲಿ ಎರಡೂ ತಯಾರಾಗುತ್ತಿದ್ದವು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1964ರಲ್ಲಿ ಒಂದನ್ನು ಕೊಂಡರು, 1966ರ ಪ್ರವಾಸದ ಹೊತ್ತಿಗೆ ಅದೇ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಕೈಯಲ್ಲೂ ಕ್ಯಾಸಿನೋ ಇತ್ತು. ಲೆನನ್ ತಮ್ಮ ಗಿಟಾರಿನ ಬಣ್ಣವನ್ನೆಲ್ಲ ಉಜ್ಜಿ ತೆಗೆಸಿ, ಬರಿಮರದ ಆ ಗಿಟಾರನ್ನೇ 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲಿನ ಸಂಗೀತ ಕಛೇರಿಯಲ್ಲಿ ನುಡಿಸಿದರು.

ಕ್ಯಾಸಿನೋ ನಾದಕ್ಕೆ ಮೂರು ಗುಣಗಳಿವೆ. ಸ್ವರ ಹುಟ್ಟುವ ಕ್ಷಣದಲ್ಲಿ ಮರದ ಪೆಟ್ಟಿಗೆಯನ್ನು ತಟ್ಟಿದಂಥ ಒಂದು ಹೊಡೆತ ಕೇಳಿಸುತ್ತದೆ. ಆ ಸ್ವರ ಬಹಳ ಹೊತ್ತು ಎಳೆಯದೆ ಬೇಗ ಆರುವುದರಿಂದ, ಗಡಸು ಡಿಸ್ಟಾರ್ಷನ್ನಿನಲ್ಲೂ (ಒಡೆದ ನಾದ) ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೊಂದು ತಂತಿ ಬಿಡಿಬಿಡಿಯಾಗಿ ಕೇಳುತ್ತದೆ. ಇನ್ನು ಪಿ-90 ಪಿಕಪ್ಪಿನ ಒರಟು ಮಧ್ಯಸ್ವರ ಆಂಪ್ಲಿಫೈಯರ್ ಅನ್ನು ಚೂರು ಕೆಣಕುತ್ತದೆ. ಅರವತ್ತರ ದಶಕದ ನಡುಭಾಗದ ಬ್ರಿಟಿಷ್ ರಿದಮ್ ಗಿಟಾರ್ ಎಂದು ನಾವು ಗುರುತಿಸುವ ನಾದದಲ್ಲಿ ಈ ಮೂರೂ ಸೇರಿವೆ. ಗಟ್ಟಿ ಒಡಲಿನ ಗಿಟಾರಿಗೆ ಪಿ-90 ಹಾಕಿದರೆ ಒರಟುತನ ಸಿಗುತ್ತದೆ, ಬೇಗ ಆರುವ ಆ ಗುಣ ಸಿಗುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಸ್ಪಷ್ಟವಾಗಿದೆ. ಪಿ-90 ಒಂಟಿ ಸುರುಳಿಯ ಪಿಕಪ್ ಆದ್ದರಿಂದ ವಿದ್ಯುತ್ ಸರಬರಾಜಿನ 50 ಅಥವಾ 60 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆಯನ್ನು ಎತ್ತಿಕೊಳ್ಳುತ್ತದೆ. ನೆಕ್ ಒಡಲನ್ನು ಸೇರುವುದು 16ನೇ ಫ್ರೆಟ್‌ನ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಆಸುಪಾಸಿನಲ್ಲಾದ್ದರಿಂದ ಮೇಲಿನ ಸ್ವರಗಳಿಗೆ ಕೈ ಸುಲಭವಾಗಿ ಹೋಗದು. ಇಎಸ್-335ರಲ್ಲಿ ನೆಕ್ 19ನೇ ಫ್ರೆಟ್‌ವರೆಗೆ ಹೊರಗೇ ಇರುತ್ತದೆ. ಡ್ರಮ್ಮಿನ ಪಕ್ಕದಲ್ಲಿ ನಿಂತು ಗೇನ್ (ಆಂಪ್ಲಿಫೈಯರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿದರೆ ಹೂಂಕಾರ ತಪ್ಪಿದ್ದಲ್ಲ. ಆದರೂ ಹೆದರಿಸುವವರು ಹೇಳುವಷ್ಟು ಇದು ಕಷ್ಟವಲ್ಲ. ಆಂಪ್ಲಿಫೈಯರ್ ಎದುರಿಗೆ ನಿಲ್ಲದೆ ಒಂದು ಮಗ್ಗುಲಿಗೆ ಸರಿದು ನಿಲ್ಲುವುದು, ಬೇಸ್ ಗುಂಡಿಯನ್ನು ಇಳಿಸುವುದು, ನುಡಿಸದೆ ನಿಂತಾಗ ಅಂಗೈಯಿಂದ ತಂತಿಗಳನ್ನು ಮುಚ್ಚಿಕೊಳ್ಳುವುದು, ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಹತ್ತರಲ್ಲಿ ಆರಕ್ಕೋ ಏಳಕ್ಕೋ ಇಟ್ಟು ಸೋಲೋ ಬಂದಾಗ ಮಾತ್ರ ಏರಿಸುವುದು, ಇಷ್ಟು ರೂಢಿಯಾದರೆ ಸಣ್ಣ ವೇದಿಕೆಯಲ್ಲಿ ಕ್ಯಾಸಿನೋ ಸಲೀಸಾಗಿ ನಡೆಯುತ್ತದೆ. ಇಷ್ಟಾದರೂ ಅಡಗದಿದ್ದರೆ ಎಫ್ ಆಕಾರದ ಕಂಡಿಗಳಿಗೆ ರಬ್ಬರ್ ಮುಚ್ಚಳ ಹಾಕಬಹುದು, ಒಳಗೆ ಸ್ಪಂಜು ತುರುಕಬಹುದು. ತುಂಬಾ ತುರುಕಿದರೆ ಯಾವ ಗಾಳಿಗಾಗಿ ಆ ಗಿಟಾರನ್ನು ಕೊಂಡಿರೋ ಆ ಗಾಳಿಯೇ ಇಲ್ಲವಾಗುತ್ತದೆ ಎಂಬುದನ್ನು ಮರೆಯಬಾರದು.

ನಡುವೆ ಮರದ ತುಂಡು: ಇಎಸ್-335 ಮತ್ತು ಅದರ ಬಳಗ

ಒಂದೇ ಗಿಟಾರ್ ಇಟ್ಟುಕೊಳ್ಳುವವರಿಗೆ, ಅದರಲ್ಲೇ ಎಲ್ಲ ಬಗೆಯ ಹಾಡುಗಳನ್ನೂ ನುಡಿಸಬೇಕಾದವರಿಗೆ, ಇಎಸ್-335 ಮಾದರಿಗಿಂತ ನಂಬಿಕಸ್ಥ ಆಯ್ಕೆ ಇಲ್ಲ. 1955ರಲ್ಲಿ ಸೆತ್ ಲವರ್ ರೂಪಿಸಿ 1957ರಿಂದ ಗಿಬ್ಸನ್ ಗಿಟಾರ್‌ಗಳಲ್ಲಿ ಬಂದ ಹಂಬಕರ್ ಪಿಕಪ್ ಗುಂಯ್‌ಗುಟ್ಟುವಿಕೆಯನ್ನು ಅಡಗಿಸುತ್ತದೆ, ನಡುವಿನ ಗಟ್ಟಿ ತುಂಡು ಹೂಂಕಾರವನ್ನು ತಡೆಯುತ್ತದೆ. ಎರಿಕ್ ಕ್ಲಾಪ್ಟನ್ 1968ರ ಕ್ರೀಮ್ ತಂಡದ ವಿದಾಯ ಸಂಗೀತ ಕಛೇರಿಯಲ್ಲಿ, ಆಲ್ವಿನ್ ಲೀ 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಇದನ್ನು ನುಡಿಸಿದ ರೀತಿ ಕೇಳಿದರೆ, ದೊಡ್ಡ ಆಂಪ್ಲಿಫೈಯರ್ ಮುಂದೆಯೂ ಈ ಗಿಟಾರ್ ಎಷ್ಟು ಹಿಡಿತದಲ್ಲಿರುತ್ತದೆ ಎಂಬುದು ತಿಳಿಯುತ್ತದೆ. ಫೀಡ್‌ಬ್ಯಾಕ್ ಇದರಲ್ಲೂ ಬರುತ್ತದೆ. ಕರೆದಾಗ ಬರುತ್ತದೆ, ಹೂಂಕಾರವಾಗದೆ ಸ್ವರವಾಗಿಯೇ ಬರುತ್ತದೆ.

ಆದರೆ ಹಂಬಕರ್ ಇರುವ ಲೆಸ್ ಪಾಲ್ ಮಾದರಿಯ ಗಟ್ಟಿ ಗಿಟಾರ್ ಈಗಾಗಲೇ ಮನೆಯಲ್ಲಿದ್ದರೆ, ಇಎಸ್-335 ಅದಕ್ಕೆ ತೀರಾ ಹತ್ತಿರದ ನೆಂಟ ಎಂಬುದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಗೇನ್ ಹೆಚ್ಚಿದಷ್ಟೂ ಈ ಎರಡರ ಅಂತರ ಕರಗುತ್ತದೆ. ಎರಡನೆಯ ಗಿಟಾರ್ ಮೊದಲನೆಯದರ ಕೈಲಾಗದ್ದನ್ನು ಮಾಡಬೇಕು. ಅಂಥವರಿಗೆ ನಾನು ಪೂರ್ತಿ ಟೊಳ್ಳಿನದನ್ನೇ ಸೂಚಿಸುತ್ತೇನೆ. ತೂಕವೂ ಎಣಿಕೆಗೆ ಬರಬೇಕು. ನಡುತುಂಡಿರುವ ಗಿಟಾರ್ ಸುಮಾರು ಮೂರೂವರೆಯಿಂದ ನಾಲ್ಕು ಕಿಲೋ ತೂಗಿದರೆ ಕ್ಯಾಸಿನೋ ಮೂರು ಕಿಲೋದ ಆಸುಪಾಸಿನಲ್ಲಿರುತ್ತದೆ. ಎರಡು ಗಂಟೆ ನಿಂತು ನುಡಿಸುವವರ ಭುಜಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇದೇ ಕಟ್ಟಡದ ಎಪಿಫೋನ್ ಗಿಟಾರ್‌ಗಳಲ್ಲಿ ಶೆರಟನ್ ಮತ್ತು ರಿವಿಯೆರಾ ಸಣ್ಣ ಹಂಬಕರಿನಿಂದಾಗಿ ಸ್ವಲ್ಪ ತೆಳುವಾದ, ಚೂಪಾದ ನಾದ ಕೊಡುತ್ತವೆ. ಈ ಹೆಸರಿನ ಎಲ್ಲ ಆವೃತ್ತಿಗಳಲ್ಲೂ ಸಣ್ಣ ಹಂಬಕರೇ ಇರುತ್ತದೆ ಎಂದೇನಿಲ್ಲ, ನೋಡಿಯೇ ಕೊಳ್ಳಬೇಕು. ಗಿಲ್ಡ್ ಕಂಪನಿಯ ಸ್ಟಾರ್‌ಫೈರ್ ಸಾಲಿನಲ್ಲಿ ಪೂರ್ತಿ ಟೊಳ್ಳಿನವೂ ನಡುತುಂಡಿನವೂ ಇವೆ. ಅವುಗಳ ಗುಣಕ್ಕೆ ಹೋಲಿಸಿದರೆ ಬಳಸಿದ ಮಾಲಿನ ಮಾರುಕಟ್ಟೆಯಲ್ಲಿ ಬೇಡಿಕೆ ಕಡಿಮೆ, ಅಂದರೆ ಕೊಳ್ಳುವವರಿಗೆ ಲಾಭ. ರಿಕನ್‌ಬ್ಯಾಕರ್ 330 ಮತ್ತು 360 ಮಾದರಿಗಳನ್ನು ಗಟ್ಟಿ ಮೇಪಲ್ ಹಲಗೆಯನ್ನು ಹಿಂಬದಿಯಿಂದ ತೋಡಿ ಮಾಡುತ್ತಾರೆ. ಆ ಗಂಟೆಯಂಥ ಠಣತ್ಕಾರ ಬೇಕಾದವರಿಗೆ ಬೇರೆ ಯಾವುದೂ ಸಮವಲ್ಲ, ಬೇಡದವರಿಗೆ ಅದು ಬೇರೆ ಯಾವ ಕೆಲಸಕ್ಕೂ ಒಗ್ಗುವುದಿಲ್ಲ.

ಗ್ರೆಚ್: ತನ್ನದೇ ಒಂದು ಲೋಕ

ಗ್ರೆಚ್ ಗಿಟಾರನ್ನು ಗಿಬ್ಸನ್ ಅಳತೆಗೋಲಿನಿಂದ ಅಳೆಯಲು ಹೋದವರು ನಿರಾಶರಾಗುತ್ತಾರೆ. ಐವತ್ತರ ದಶಕದ ನಡುವಿನಲ್ಲಿ ಚೆಟ್ ಆಟ್ಕಿನ್ಸ್ ಹೆಸರಿನಲ್ಲಿ ಬಂದ 6120 ಮಾದರಿಯಲ್ಲಿ ಮೊದಲು ಡೈನಾಸಾನಿಕ್ ಎಂಬ ಒಂಟಿ ಸುರುಳಿಯ ಪಿಕಪ್ ಇತ್ತು. ಡ್ವೇನ್ ಎಡ್ಡಿಯ ಕೆಳತಂತಿಗಳ ಆಳವಾದ ಠೇಂಕಾರ ಅದರದ್ದು. ಎಡ್ಡಿ ಕಾಕ್ರನ್ ತಮ್ಮ 6120ರಲ್ಲಿ ನೆಕ್ ಕಡೆಯ ಪಿಕಪ್ಪನ್ನು ತೆಗೆಸಿ ಗಿಬ್ಸನ್ ಪಿ-90 ಹಾಕಿಸಿಕೊಂಡಿದ್ದರು. 1958ರ ಹೊತ್ತಿಗೆ ರೇ ಬಟ್ಸ್ ರೂಪಿಸಿದ ಫಿಲ್ಟರ್‌ಟ್ರಾನ್ ಬಂತು. ಇದೂ ಗುಂಯ್ ಅಡಗಿಸುವ ಎರಡು ಸುರುಳಿಗಳ ಪಿಕಪ್ಪೇ, ಆದರೆ ಗಿಬ್ಸನ್ ಹಂಬಕರಿಗಿಂತ ಕಡಿಮೆ ಸುತ್ತುಗಳಿರುವುದರಿಂದ ಮೇಲಿನ ಸ್ವರಗಳು ತಿಳಿಯಾಗಿ ಉಳಿಯುತ್ತವೆ. ಆಂಪ್ಲಿಫೈಯರ್ ಇನ್ನೇನು ಒಡೆಯಬೇಕು ಎನ್ನುವ ಅಂಚಿನಲ್ಲಿ ಈ ಪಿಕಪ್ ಕೊಡುವ ನಾದಕ್ಕೆ ನನ್ನ ಕಿವಿಯಲ್ಲಿ ಸಾಟಿಯಿಲ್ಲ.

ಗ್ರೆಚ್ ಎಂದರೆ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ಅಥವಾ ರಾಕಬಿಲಿಗೆ ಮಾತ್ರ ಎಂಬ ಮಾತಿದೆ. ಪೀಟ್ ಟೌನ್‌ಶೆಂಡ್‌ಗೆ ಜೋ ವಾಲ್ಷ್ ಉಡುಗೊರೆಯಾಗಿ ಕೊಟ್ಟ 1959ರ 6120 ಗಿಟಾರ್, 1971ರಲ್ಲಿ ಬಂದ ದಿ ಹೂ ತಂಡದ ಆಲ್ಬಮ್ಮಿನ ಧ್ವನಿಮುದ್ರಣದಲ್ಲಿ ಮಾಡಿದ ಕೆಲಸ ಆ ಮಾತನ್ನು ಸುಳ್ಳಾಗಿಸುತ್ತದೆ. ಅಷ್ಟು ಭಾರಿ ರಾಕ್ ಗಿಟಾರ್ ನಾದದ ಹಿಂದೆ ಕಿತ್ತಳೆ ಬಣ್ಣದ ಟೊಳ್ಳು ಗಿಟಾರ್ ಇತ್ತೆಂದು ಮೊದಲ ಸಲ ತಿಳಿದಾಗ ನಾನು ಎಲ್ಲ ಹಾಡುಗಳನ್ನೂ ಮತ್ತೆ ಮೊದಲಿನಿಂದ ಕೇಳಿದ್ದೆ. 1958ರಿಂದ 1961ರವರೆಗಿನ 6120 ಗಿಟಾರ್‌ಗಳಲ್ಲಿ ಮೇಲ್ಹಲಗೆಗೂ ಹಿಂಬದಿಯ ಹಲಗೆಗೂ ನಡುವೆ ಸೇತುವೆಯ ಕಾಲುಗಳಂಥ ಆಧಾರವಿತ್ತು. ಟ್ರೆಸಲ್ ಬ್ರೇಸಿಂಗ್ ಎಂದು ಕರೆಯುವ ಈ ಕಟ್ಟಡ ಪೂರ್ತಿ ಟೊಳ್ಳಿಗೂ ನಡುತುಂಡಿಗೂ ಮಧ್ಯದ ದಾರಿ: ಗಾಳಿ ಉಳಿಯುತ್ತದೆ, ಹಲಗೆಯ ಅಲುಗಾಟ ತಗ್ಗುತ್ತದೆ. ಹ್ಯಾರಿಸನ್ ನುಡಿಸಿದ ಕಂಟ್ರಿ ಜಂಟಲ್‌ಮನ್ ಮಾದರಿಯಲ್ಲಿ ಎಫ್ ಕಂಡಿಗಳನ್ನು ಕೊರೆಯದೆ ಕೇವಲ ಬಣ್ಣದಿಂದ ಬರೆದಿದ್ದರು. ಅದೂ ಫೀಡ್‌ಬ್ಯಾಕ್ ತಡೆಯುವ ಇನ್ನೊಂದು ಉಪಾಯ.

ಗ್ರೆಚ್ ಜೊತೆಗೆ ಹೆಚ್ಚಾಗಿ ಬಿಗ್ಸ್‌ಬಿ ಹಿಡಿಕೆ (ಟೇಲ್‌ಪೀಸನ್ನು ಅಲುಗಿಸಿ ಸ್ವರ ಬಾಗಿಸುವ ಸನ್ನೆ) ಬರುತ್ತದೆ. ಸ್ವರವನ್ನು ಮೆಲ್ಲನೆ ತೂಗಾಡಿಸಲು ಅದು ಚೆನ್ನ, ಆಳಕ್ಕೆ ಮುಳುಗಿಸಲು ಅಲ್ಲ. ಅದರಲ್ಲಿ ತಂತಿ ಬದಲಾಯಿಸುವುದಕ್ಕೆ ತಾಳ್ಮೆ ಬೇಕು. ಬ್ರಿಡ್ಜನ್ನು ಸ್ಕ್ರೂ ಇಲ್ಲದೆ ಹಲಗೆಯ ಮೇಲೆ ಸುಮ್ಮನೆ ಕೂರಿಸಿದ್ದರೆ, ಎಲ್ಲ ತಂತಿಗಳನ್ನೂ ಒಮ್ಮೆಗೇ ತೆಗೆದಾಗ ಅದು ಜಾಗ ಬಿಟ್ಟು, ಮತ್ತೆ ಶ್ರುತಿ ಕೂರಿಸುವುದು ದೊಡ್ಡ ಕೆಲಸವಾಗುತ್ತದೆ. ಒಂದೊಂದೇ ತಂತಿ ಬದಲಾಯಿಸಬೇಕು, ಇಲ್ಲವೇ ಬ್ರಿಡ್ಜಿನ ಜಾಗಕ್ಕೆ ಕಾಗದದ ಪಟ್ಟಿ ಅಂಟಿಸಿ ಗುರುತಿಟ್ಟುಕೊಳ್ಳಬೇಕು. ಕಡಿಮೆ ಬೆಲೆಯ ಸಾಲುಗಳಾದ ಎಲೆಕ್ಟ್ರೊಮ್ಯಾಟಿಕ್ ಮತ್ತು ಸ್ಟ್ರೀಮ್‌ಲೈನರ್‌ಗಳಲ್ಲಿ ಪೂರ್ತಿ ಟೊಳ್ಳಿನವೂ ನಡುತುಂಡಿನವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಸ್ಟ್ರೀಮ್‌ಲೈನರ್‌ನಲ್ಲಿ ಸಾಮಾನ್ಯವಾಗಿ ಬರುವ ಬ್ರಾಡ್‌ಟ್ರಾನ್ ಪಿಕಪ್ ಗಿಬ್ಸನ್ ಹಂಬಕರಿನತ್ತ ವಾಲುತ್ತದೆ. ಗ್ರೆಚ್ ನಾದಕ್ಕಾಗಿಯೇ ಗ್ರೆಚ್ ಕೊಳ್ಳುವವರು ಫಿಲ್ಟರ್‌ಟ್ರಾನ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ದಪ್ಪ ಒಡಲಿನವು

ಇಎಸ್-175, ಎಲ್-5, ಇಎಸ್-295ರಂಥ ದಪ್ಪ ಒಡಲಿನ ಗಿಟಾರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕಾಟಿ ಮೂರ್ 1954ರಲ್ಲಿ ಎಲ್ವಿಸ್ ಪ್ರೀಸ್ಲಿಯ ಜೊತೆ ನುಡಿಸಿದ್ದು ಇಎಸ್-295. ಯೆಸ್ ತಂಡದ ಸ್ಟೀವ್ ಹೌ ಬದುಕಿಡೀ ಇಎಸ್-175 ಹಿಡಿದವರು. ಟೆಡ್ ನ್ಯೂಜೆಂಟ್, ತೆಳ್ಳಗಿದ್ದರೂ ಪೂರ್ತಿ ಟೊಳ್ಳಾದ ಬರ್ಡ್‌ಲ್ಯಾಂಡಿನ ಹೂಂಕಾರವನ್ನೇ ತಮ್ಮ ಶೈಲಿಯಾಗಿಸಿಕೊಂಡರು. ಇವರೆಲ್ಲರೂ ತಮ್ಮ ಗಿಟಾರಿಗೆ ತಕ್ಕಂತೆ ತಮ್ಮ ಕೈಯನ್ನು ಪಳಗಿಸಿಕೊಂಡವರು. ತಂಡದಲ್ಲಿ ಜೋರಾಗಿ ರಾಕ್ ನುಡಿಸುವ ಆಸೆಯಿಂದ ಮೊದಲ ಟೊಳ್ಳು ಗಿಟಾರ್ ಕೊಳ್ಳುವವರು ಇಲ್ಲಿಂದ ಶುರುಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಡುಕೊಳ್ಳುವ ಲೆಕ್ಕ

ಹಳೆಯ ಗಿಟಾರಿನ ಬೆಲೆ ಮೂಲ ಬಣ್ಣ, ಮೂಲ ಪಿಕಪ್, ಶ್ರುತಿ ಬಿಗಿಯುವ ಮೂಲ ಕೀಲಿಗಳ ಮೇಲೆ ನಿಂತಿದೆ. ಮರುಬಣ್ಣ ಬಳಿದ ಅಥವಾ ಹೆಡ್‌ಸ್ಟಾಕ್ ಮುರಿದು ಅಂಟಿಸಿದ ಗಿಟಾರಿಗೆ, ಅಂಥ ಊನವಿಲ್ಲದ ಅದೇ ವರ್ಷದ ಗಿಟಾರಿನ ಸುಮಾರು ಅರ್ಧ ಬೆಲೆ ಎಂಬುದು ಈ ವ್ಯಾಪಾರದಲ್ಲಿ ರೂಢಿಯ ಮಾತು. ಚೆನ್ನಾಗಿ ಅಂಟಿಸಿದ ಹೆಡ್‌ಸ್ಟಾಕ್‌ನಿಂದ ನಾದಕ್ಕೆ ಕೇಡಿಲ್ಲ. ಆದ್ದರಿಂದ ನುಡಿಸಲೆಂದೇ ಕೊಳ್ಳುವವರು ಇಂಥ ಗಿಟಾರ್‌ಗಳನ್ನು ಹುಡುಕಿ ಕೊಳ್ಳುವುದು ಜಾಣತನ, ಮುಂದೆ ಮಾರುವಾಗಲೂ ಅದೇ ಅರ್ಧ ಬೆಲೆಗೆ ಸಿದ್ಧರಿದ್ದರೆ ಮಾತ್ರ.

ಸಣ್ಣದಾಗಿ ಕಾಣುವ ಬದಲಾವಣೆಗಳೂ ಬೆಲೆಯನ್ನು ಬಹಳ ಅಲುಗಿಸುತ್ತವೆ. ಇಎಸ್-335ರ ಫ್ರೆಟ್‌ಬೋರ್ಡಿನ ಚುಕ್ಕಿ ಗುರುತುಗಳು 1962ರಲ್ಲಿ ಚೌಕಗಳಾದವು. ಹಲಗೆಗೆ ನೇರವಾಗಿ ಕೂರುವ ಸ್ಟಾಪ್ ಟೇಲ್‌ಪೀಸ್ 1965ರ ಹೊತ್ತಿಗೆ ಹೋಗಿ, ಬುಡಕ್ಕೆ ಬಿಗಿಯುವ ಟ್ರಪೀಜ್ ಬಂತು. ಅದೇ ವರ್ಷ, ನೆಕ್ ತುದಿಯಲ್ಲಿ ತಂತಿಗಳನ್ನು ಹೊರುವ ನಟ್‌ನ ಅಗಲವೂ 1 11/16 ಅಂಗುಲದಿಂದ 1 9/16 ಅಂಗುಲಕ್ಕೆ ಕಿರಿದಾಯಿತು. ಈ ಕಾರಣಕ್ಕೆ 1964ರ ಗಿಟಾರಿಗೂ 1966ರ ಗಿಟಾರಿಗೂ ಬೆಲೆಯಲ್ಲಿ ದೊಡ್ಡ ಅಂತರವಿದೆ. ಸಣ್ಣ ಕೈಯವರಿಗೆ ಆ ಕಿರಿದಾದ ನೆಕ್ ಹಿತವೇ ಆಗಬಹುದು, ಆಗ ಕಡಿಮೆ ಬೆಲೆಯ ಗಿಟಾರೇ ಅವರಿಗೆ ಮೇಲು. ಕಾರ್ಖಾನೆಯಲ್ಲೇ ಬಿಗ್ಸ್‌ಬಿ ಹಾಕಿ ಕಳಿಸಿದ ಕೆಲವು ಇಎಸ್-335 ಗಿಟಾರ್‌ಗಳಲ್ಲಿ, ಸ್ಟಾಪ್ ಟೇಲ್‌ಪೀಸಿಗೆಂದು ಮೊದಲೇ ಕೊರೆದ ರಂಧ್ರಗಳನ್ನು ಮುಚ್ಚಲು ‘ಕಸ್ಟಮ್ ಮೇಡ್’ ಎಂದು ಬರೆದ ಚಿಕ್ಕ ಫಲಕವಿರುತ್ತದೆ. ಇದನ್ನು ಕಂಡು ಯಾರೋ ವಿಶೇಷವಾಗಿ ಮಾಡಿಸಿಕೊಂಡ ಗಿಟಾರ್ ಎಂದು ಹೆಚ್ಚು ಬೆಲೆ ಕೊಡಬಾರದು.

ವರ್ಷವನ್ನು ಮಾರುವವರ ಮಾತಿನಿಂದ ತಿಳಿಯುವುದಕ್ಕಿಂತ ಗಿಟಾರಿನಿಂದಲೇ ತಿಳಿಯುವುದು ಲೇಸು. ಅರವತ್ತರ ದಶಕದಲ್ಲಿ ಗಿಬ್ಸನ್ ಒಂದೇ ಸಂಖ್ಯೆಯನ್ನು ಹಲವು ಗಿಟಾರ್‌ಗಳಿಗೆ ಒತ್ತಿದ್ದರಿಂದ, ಆ ಕಾಲದ ಕ್ರಮಸಂಖ್ಯೆಯನ್ನಷ್ಟೇ ನಂಬುವಂತಿಲ್ಲ. 1977ರ ನಂತರದ ಎಂಟಂಕಿಯ ಸಂಖ್ಯೆಗಳಲ್ಲಿ ಮೊದಲನೆಯ ಮತ್ತು ಐದನೆಯ ಅಂಕಿ ಸೇರಿ ವರ್ಷವನ್ನು ಹೇಳುತ್ತವೆ. ಇನ್ನೂ ಗಟ್ಟಿಯಾದ ಸಾಕ್ಷಿ ಒಳಗಿನ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ಗುಂಡಿಗಳ ಕೆಳಗಿನ ನಿಯಂತ್ರಕಗಳು) ಮೇಲೆ ಒತ್ತಿದ ಸಂಖ್ಯೆ. 1376523 ಎಂದಿದ್ದರೆ, 137 ಅಂದರೆ ಸಿಟಿಎಸ್ ಕಂಪನಿ, 65 ಅಂದರೆ 1965, 23 ಅಂದರೆ ಆ ವರ್ಷದ 23ನೇ ವಾರ. ಪಾಟ್ ಬದಲಾಗಿಲ್ಲ ಎಂದಾದರೆ, ಗಿಟಾರ್ ಅದಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. ಎಫ್ ಕಂಡಿಯ ಮೂಲಕ ಸಣ್ಣ ಕನ್ನಡಿಯನ್ನೂ ದೀಪವನ್ನೂ ಹಿಡಿದು ನೋಡಬಹುದು; ಬೆಸುಗೆ ಹೊಸದೋ ಹಳೆಯದೋ ಎಂಬುದೂ ಅಲ್ಲೇ ಕಾಣುತ್ತದೆ. ಪೂರ್ತಿ ಟೊಳ್ಳಿನ ಗಿಟಾರ್‌ಗಳಲ್ಲಿ ವಿದ್ಯುತ್ ತಂತಿಜಾಲವನ್ನು ಅದೇ ಇಕ್ಕಟ್ಟಾದ ಕಂಡಿಯಿಂದ ಹೊರಗೆಳೆದು ಮತ್ತೆ ಒಳಗೆ ಕೂರಿಸಬೇಕು. ಆದ್ದರಿಂದ ಕರಕರ ಸದ್ದು ಮಾಡುವ ಒಂದು ಪಾಟ್ ಸಹ ರಿಪೇರಿಗೆ ದುಬಾರಿಯೇ, ಬೆಲೆ ಮಾತಾಡುವಾಗ ಇದನ್ನು ಎತ್ತಬೇಕು.

ಐವತ್ತು ಅರವತ್ತರ ದಶಕದ ಗ್ರೆಚ್‌ಗಳಲ್ಲಿ ಎರಡು ರೋಗಗಳಿವೆ. ಅಂಚಿನ ಸೆಲ್ಯುಲಾಯ್ಡ್ ಪಟ್ಟಿ ಕಾಲಾಂತರದಲ್ಲಿ ಪುಡಿಪುಡಿಯಾಗುತ್ತದೆ, ಅದು ಬಿಡುವ ಆವಿಯಿಂದ ಹತ್ತಿರದ ಲೋಹದ ಭಾಗಗಳಿಗೂ ತುಕ್ಕು ಹಿಡಿಯುತ್ತದೆ. ಇನ್ನೊಂದು ನೆಕ್ ಕೀಲು ಸಡಿಲಗೊಳ್ಳುವುದು. ಬ್ರಿಡ್ಜನ್ನು ಪೂರ್ತಿ ಇಳಿಸಿದ ಮೇಲೂ ತಂತಿಗಳು ಫ್ರೆಟ್‌ಗಳಿಂದ ಎತ್ತರದಲ್ಲೇ ಇದ್ದರೆ, ನೆಕ್ಕನ್ನು ಬಿಚ್ಚಿ ಮತ್ತೆ ಕೂರಿಸುವ ಕೆಲಸ ಬಾಕಿಯಿದೆ ಎಂದೇ ಅರ್ಥ. ಅದರ ಖರ್ಚನ್ನು ಬೆಲೆಯಿಂದ ಕಳೆದು ಲೆಕ್ಕ ಹಾಕಬೇಕು. ಯಾವ ಕಂಪನಿಯದೇ ಆಗಲಿ, ಬ್ರಿಡ್ಜಿನ ಕೆಳಗೆ ಮೇಲ್ಹಲಗೆ ಕುಸಿದಿದೆಯೇ ಎಂಬುದನ್ನು ಪಕ್ಕದಿಂದ ಕಣ್ಣು ಕಿರಿದಾಗಿಸಿ ನೋಡಬೇಕು. ಹೊಳಪು ನೋಡಿ ಮರುಳಾಗಬಾರದು, ಬೆಳ್ಳಗಿರುವುದೆಲ್ಲ ಹಾಲಲ್ಲ.

ದೇಶದ ಗಡಿ ದಾಟುವ ವಿನಿಮಯದಲ್ಲಿ ಮರದ ಕಾನೂನೂ ಬರುತ್ತದೆ. ಅರವತ್ತರ ದಶಕದ ಹಲವು ಗಿಬ್ಸನ್‌ಗಳ ಫ್ರೆಟ್‌ಬೋರ್ಡ್ ಬ್ರೆಜಿಲ್ ರೋಸ್‌ವುಡ್ಡಿನದು. ಅಪಾಯದಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ ಈ ಮರ 1992ರಿಂದ ಇದೆ, ಅನುಮತಿ ಪತ್ರವಿಲ್ಲದೆ ಅದನ್ನು ಗಡಿ ದಾಟಿಸುವಂತಿಲ್ಲ. ಉಳಿದ ರೋಸ್‌ವುಡ್ ಜಾತಿಗಳ ಮೇಲೆ 2017ರ ಆರಂಭದಲ್ಲಿ ಬಂದ ನಿರ್ಬಂಧದಿಂದ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರಕ್ಕೆ ಸಿಗಲಿಲ್ಲ. ಸಾಗಿಸುವಾಗ ಸಡಿಲ ಬ್ರಿಡ್ಜನ್ನು ತೆಗೆದು ಬಟ್ಟೆ ಸುತ್ತಿ ಬೇರೆ ಇಡಬೇಕು, ಹೆಡ್‌ಸ್ಟಾಕ್ ಸುತ್ತ ಅದು ಅಲುಗದಂತೆ ಮೆತ್ತೆ ತುಂಬಬೇಕು. ಮುರಿಯುವ ಗಿಟಾರ್‌ಗಳಲ್ಲಿ ಹೆಚ್ಚಿನವು ಮುರಿಯುವುದು ಅಲ್ಲೇ.

ಗಿಟಾರಿಗೆ ಗಿಟಾರ್ ಬದಲಾಯಿಸಿಕೊಳ್ಳುವಾಗ ಎರಡೂ ಕಡೆಯವರು ತಮ್ಮ ಮಾಲಿಗೆ ಬೆಲೆ ಏರಿಸಿ ಹೇಳುವುದು ಸಹಜ. ಎರಡನ್ನೂ ಹಣಕ್ಕೆ ಮಾರಿದರೆ ಎಷ್ಟು ಬರುತ್ತದೆ ಎಂದು ಬೇರೆಬೇರೆಯಾಗಿ ಅಂದಾಜಿಸಿ, ಆ ಅಂತರವನ್ನು ಮಾತ್ರ ಮಾತಾಡಿದರೆ ಜಗಳವಿರುವುದಿಲ್ಲ. ಅಂಗಡಿಗೆ ಕೊಟ್ಟರೆ ಖಾಸಗಿಯಾಗಿ ಮಾರುವುದಕ್ಕಿಂತ ಕಡಿಮೆ ಸಿಗುತ್ತದೆ. ಅವರು ಪರೀಕ್ಷಿಸಿ, ರಿಪೇರಿ ಮಾಡಿಸಿ, ಗಿರಾಕಿ ಬರುವತನಕ ಇಟ್ಟುಕೊಳ್ಳಬೇಕು, ಅದು ನ್ಯಾಯವೇ. ನೀವು ಹಾಕಿಸಿದ ದುಬಾರಿ ಪಿಕಪ್ಪಿಗೆ ಕೊಳ್ಳುವವರು ಹಣ ಕೊಡುವುದಿಲ್ಲ. ತೆಗೆದ ಮೂಲ ಭಾಗಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದರೆ ಅವುಗಳಿಗೆ ಕೊಡುತ್ತಾರೆ.

ನಾನು ಒಮ್ಮೆ ನನ್ನ ಕ್ಯಾಸಿನೋ ಕೊಟ್ಟು ಇಎಸ್-335 ಮಾದರಿಯ ಗಿಟಾರ್ ಪಡೆದೆ. ಹಣದ ಲೆಕ್ಕದಲ್ಲಿ ಆ ವಿನಿಮಯ ನನ್ನ ಪರವಾಗಿಯೇ ಇತ್ತು, ಬಂದ ಗಿಟಾರಿನಲ್ಲಿ ಒಂದು ದೋಷವೂ ಇರಲಿಲ್ಲ. ಆದರೆ ರಿದಮ್ ನುಡಿಸಲು ಕುಳಿತಾಗಲೆಲ್ಲ ಕೈ ಆ ಮರದ ಹೊಡೆತವನ್ನು ಹುಡುಕುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಕ್ಯಾಸಿನೋ ಕೊಂಡೆ, ಕೊಟ್ಟದ್ದಕ್ಕಿಂತ ಹೆಚ್ಚು ಬೆಲೆ ತೆತ್ತು. ಅಂದಿನಿಂದ ಯಾವ ಗಿಟಾರನ್ನು ಕೊಡುವ ಯೋಚನೆ ಬಂದರೂ ಅದನ್ನು ಮೊದಲು ಒಂದು ತಿಂಗಳು ಕೇಸಿನೊಳಗೆ ಮುಚ್ಚಿಡುತ್ತೇನೆ. ನುಡಿಸುವ ಹಾಡುಗಳನ್ನೆಲ್ಲ ಉಳಿದ ಗಿಟಾರ್‌ಗಳಲ್ಲೇ ನುಡಿಸುತ್ತೇನೆ, ಯಾವ ಹಾಡಿನಲ್ಲಿ ಏನು ಕಡಿಮೆಯಾಯಿತು ಎಂದು ಬರೆದಿಡುತ್ತೇನೆ. ತಿಂಗಳ ಕೊನೆಗೆ ಆ ಹಾಳೆ ಖಾಲಿಯಿದ್ದರೆ ಮಾತ್ರ ಗಿಟಾರ್ ಮನೆಯಿಂದ ಹೊರಡುತ್ತದೆ.